ಲಾಂಚಿನಾಚೆಯ ಊರು

ಬಯಲುಸೀಮೆಯವರಾದ ನಮಗೆ ದ್ವೀಪವೆಂದರೆ ಭೂಗೋಳ ಪುಸ್ತಕದ ಮಾತು. 'ಸುತ್ತಲೂ ನೀರಿನಿಂದ ಆವೃತವಾದ ಭೂಭಾಗವೇ ದ್ವೀಪ' ಎಂದು ವರ್ಷಕ್ಕೊಮ್ಮೆಯಾದರೂ ಬೋರ್ಡಿನ ಮೇಲೆ ಬರೆಯುತ್ತ ಬಂದಿದ್ದೇನೆ. ಹೊಸದುರ್ಗ, ಹೊಳಲ್ಕೆರೆ ಕಡೆಯ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತವೆ. ಬೆಳಿಗ್ಗೆ ನಲ್ಲಿಯ ಮುಂದೆ ಕೊಡ ಸಾಲಿಟ್ಟು ಶಾಲೆಗೆ ಬಂದ ಮಕ್ಕಳಿಗೆ ಸುತ್ತಲೂ ನೀರು ಎಂಬುದು ರಾಜಕುಮಾರಿಯ ಕಥೆಯಷ್ಟೇ ದೂರ.

ಆದರೆ ಅಂಥದೊಂದು ಜಾಗ ನಮಗೆ ಒಂದು ದಿನದ ಪ್ರಯಾಣದಷ್ಟು ಹತ್ತಿರದಲ್ಲೇ ಇದೆ. ಹೊಳಲ್ಕೆರೆ, ಚನ್ನಗಿರಿ ದಾಟಿ ಶಿವಮೊಗ್ಗ, ಅಲ್ಲಿಂದ ಸಾಗರ, ಸಾಗರದಿಂದ ಹೊಳೆಬಾಗಿಲು. ಆಚೆ ದಡದಲ್ಲಿ ತುಮರಿ, ಕಳಸವಳ್ಳಿ, ಸಿಗಂದೂರು. ನಮ್ಮಲ್ಲಿ ಬಹುಪಾಲು ಹೆಂಗಸರಿಗೆ ಸಿಗಂದೂರು ಗೊತ್ತು. ಚೌಡೇಶ್ವರಿಗೆ ಹರಕೆ ಹೊತ್ತವರು, ವ್ಯಾನು ಮಾಡಿಕೊಂಡು ಹೋದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ತುಮರಿ ಗೊತ್ತಿರುವವರು ಕಡಿಮೆ. ದೇವಿಯ ದರ್ಶನ ಮಾಡಿ, ಊಟ ಮುಗಿಸಿ, ಕೊನೆಯ ಲಾಂಚು ತಪ್ಪೀತೆಂದು ಓಡಿ ಬಂದವರಿಗೆ ಊರು ಕಣ್ಣಿಗೆ ಬೀಳುವುದಾದರೂ ಹೇಗೆ?

ಅದು ಪುಸ್ತಕದ ಲೆಕ್ಕಕ್ಕೆ ಸರಿಯಾದ ದ್ವೀಪವೂ ಅಲ್ಲ. ಮೂರು ಕಡೆ ನೀರು, ಬೆನ್ನಿಗೆ ಕಾಡು ಮತ್ತು ಘಟ್ಟ. ದೇವರು ಮಾಡಿದ ದ್ವೀಪವಂತೂ ಖಂಡಿತ ಅಲ್ಲ, ಸರ್ಕಾರ ಮಾಡಿದ್ದು. ಶರಾವತಿಗೆ ಮೊದಲು ಹಿರೇಭಾಸ್ಕರದಲ್ಲಿ, ಮಡೆನೂರಿನ ಬಳಿ, ಒಂದು ಅಣೆಕಟ್ಟು ಬಂತು. 1948ರ ಹೊತ್ತಿಗೆ ಜೋಗದಲ್ಲಿ ಕರೆಂಟು ಹುಟ್ಟಿತು. ನಾಡಿಗೆ ಅದು ಸಾಲಲಿಲ್ಲ. 1964ರಲ್ಲಿ ಲಿಂಗನಮಕ್ಕಿಯಲ್ಲಿ ಎರಡೂಮುಕ್ಕಾಲು ಕಿಲೋಮೀಟರ್ ಉದ್ದದ ಇನ್ನೊಂದು ಅಣೆಕಟ್ಟು ಎದ್ದು ನಿಂತಿತು. ಹೊಸ ಅಣೆಕಟ್ಟಿನ ನೀರಿನಲ್ಲಿ ಹಳೆಯ ಅಣೆಕಟ್ಟೇ ಮುಳುಗಿಹೋಯಿತು! ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಮತ್ತೆ ಮೇಲೆ ಕಾಣಿಸುತ್ತದೆ, ಜನ ಜಾತ್ರೆಯಂತೆ ನೋಡಲು ಹೋಗುತ್ತಾರೆ. ಅಣೆಕಟ್ಟಿನ ಜೊತೆ ಮುಳುಗಿದ ಮನೆಗಳನ್ನು ನೋಡಲು ಹೋಗುವವರು ಆ ಮನೆಯವರು ಮಾತ್ರ.

ಗದ್ದೆ, ಅಡಿಕೆ ತೋಟ, ದೇವಸ್ಥಾನ, ಶಾಲೆ, ದನ ಮೇಯುತ್ತಿದ್ದ ಬ್ಯಾಣ, ಎಲ್ಲವೂ ಅಡಿಗೆ ಹೋದವು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳ ಜನ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡಂಚುಗಳಿಗೆ ಚದುರಿದರು. ಎತ್ತರದಲ್ಲಿದ್ದ ಊರುಗಳು ಉಳಿದವು, ಆದರೆ ದಾರಿ ಉಳಿಯಲಿಲ್ಲ. ತುಮರಿ ಕಡೆಯವರ ಕಥೆ ಇದು.

ಇಲ್ಲಿ ಒಂದು ಇಸವಿಯನ್ನು ನೆನಪಿಡಬೇಕು. ಅಲ್ಲಿಯ ದೀವರು ಹೆಚ್ಚಾಗಿ ಗೇಣಿಗೆ ಉಳುತ್ತಿದ್ದವರು. ಅದೇ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಾಗಿ ಕೈಗೆ ಬಂದದ್ದು ಮಾತ್ರ 1974ರಲ್ಲಿ. ನೀರು ಬಂದದ್ದು 1964ರಲ್ಲಿ. ಆ ಹತ್ತು ವರ್ಷದ ಅಂತರದಲ್ಲಿ ಯಾರ ಹೆಸರು ಕಾಗದದ ಮೇಲಿತ್ತು, ಯಾರ ಹೆಸರು ಇರಲಿಲ್ಲ ಎಂಬುದನ್ನು ನೀವೇ ಊಹಿಸಿ. ಅಂದು ಕಾಡಂಚಿಗೆ ಹೋಗಿ ಕೂತವರ ಮಕ್ಕಳು, ಮೊಮ್ಮಕ್ಕಳು ಭೂಮಿಯ ಹಕ್ಕುಪತ್ರಕ್ಕಾಗಿ ಇವತ್ತಿಗೂ ಕಚೇರಿ ಮೆಟ್ಟಿಲು ಹತ್ತುತ್ತಿದ್ದಾರೆ.

ಇದನ್ನೆಲ್ಲ ಕಣ್ಣಾರೆ ಕಂಡು ಬರೆದವರು ನಾ. ಡಿಸೋಜ. ಸಾಗರದವರು, ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿದವರು. 'ಮುಳುಗಡೆ', 'ದ್ವೀಪ' ಎರಡೂ ಅವರವೇ. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಸಿನಿಮಾ ಮಾಡಿದರು, ನಿರ್ಮಾಪಕಿಯೂ ನಾಯಕಿಯೂ ಸೌಂದರ್ಯ. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಡಿಸೋಜ ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಸಿಗಂದೂರಿಗೆ ಹೊರಡುವ ಮುನ್ನ ಆ ಸಣ್ಣ ಕಾದಂಬರಿಯನ್ನು ಓದಿಕೊಂಡು ಹೋಗಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬ್ಯಾಗಿನಲ್ಲಿ ಚಕ್ಕುಲಿ ಡಬ್ಬಿಗಿಂತ ಕಡಿಮೆ ಜಾಗ ಸಾಕು ಅದಕ್ಕೆ.

ನಾನು ಅಲ್ಲಿಗೆ ಹೋದದ್ದು ಸೇತುವೆ ಆಗುವ ಮೊದಲು, ಸಹೋದ್ಯೋಗಿಗಳ ಜೊತೆ. ಲಾಂಚಿನ ಮೇಲೆ ಬಸ್ಸು, ಕಾರು, ಬೈಕು, ಮೇವಿನ ಹೊರೆ, ಮನುಷ್ಯರು ಎಲ್ಲ ಒಟ್ಟಿಗೆ. ರಜೆಯ ದಿನ ಕಾರುಗಳ ಸಾಲು ಕಣ್ಣು ಹಾಯುವಷ್ಟು ದೂರ ನಿಂತಿತ್ತು. ಆ ಸಾಲಿನ ನಡುವೆ ರೇಷನ್ ಚೀಲ ಹೊತ್ತ ಊರವರೂ ಇದ್ದರು. ನಮಗೆ ಅದು ನೀರ ಮೇಲಿನ ಮೋಜು, ಅವರಿಗೆ ಅದು ರಸ್ತೆ. ಸಂಜೆಯ ಕೊನೆಯ ಲಾಂಚು ಹೋದರೆ ಕಾಡಿನ ದಾರಿಯಲ್ಲಿ ಸುತ್ತು ಹಾಕಿಯೇ ಸಾಗರ ಸೇರಬೇಕಿತ್ತು. ಹೆರಿಗೆ ನೋವು ಲಾಂಚಿನ ವೇಳೆ ನೋಡಿಕೊಂಡು ಬರುತ್ತದೆಯೇ?

ದರ್ಶನವಾದ ಮೇಲೆ ಪರಿಚಯದವರೊಬ್ಬರು ಹತ್ತಿರದ ಒಂದು ಮನೆಗೆ ಕರೆದುಕೊಂಡು ಹೋದರು. ಮನೆಯ ಹಿರಿಯಾಕೆ ಚಾಪೆ ಹಾಸಿ, ಬೆಲ್ಲ ನೀರು ತಂದಿಟ್ಟರು. "ಬನ್ನಿ ಅಕ್ಕಾ, ಬಾಯಾರಿಕೆ ಆಗಿರ್ತದೆ." ನಾವು ಮಾತಾಡುತ್ತಿದ್ದಾಗಲೇ, ಎಲ್ಲಿಂದಲೋ ಬಂದ ಪ್ಯಾಂಟಿನ ಹುಡುಗಿಯೊಬ್ಬಳು ಅಂಗಳ ದಾಟಿ, ಜಗಲಿ ಹತ್ತಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಲೆಯ ಫೋಟೋ ತೆಗೆದಳು. ಆಕೆ ಸಿಟ್ಟಾಗಲಿಲ್ಲ. "ಫೋಟೋ ಬೇಕಿದ್ರೆ ಕೇಳಬಹುದಿತ್ತಲ್ಲ ಮಾರಾಯ್ತಿ, ನಾನೂ ಒಂದು ಒಳ್ಳೆ ಸೀರೆ ಉಟ್ಕತಿದ್ದೆ" ಎಂದು ನಕ್ಕರು. ಹುಡುಗಿ ಕೆಂಪಾಗಿ ಚಪ್ಪಲಿ ಬಿಟ್ಟು ಬಂದು ಅವರ ಪಕ್ಕ ಕೂತಳು, ಆಮೇಲೆ ಅರ್ಧ ಗಂಟೆ ಎದ್ದೇ ಇಲ್ಲ.

ತವರು ಯಾವುದಮ್ಮ ಎಂದು ನಮ್ಮಲ್ಲೊಬ್ಬರು ಕೇಳಿದರು. ಹೆಂಗಸರು ನಾಲ್ಕು ಜನ ಕೂತರೆ ಬರುವ ಮೊದಲ ಪ್ರಶ್ನೆಯೇ ಅದು. "ಇಲ್ಲೇ ಇದೆ, ನೀರಿನ ಅಡಿಗೆ" ಎಂದರು. ನೀರು ಬಂದಾಗ ಅವರು ಚಿಕ್ಕ ಹುಡುಗಿ. ಅಪ್ಪ ಅಮ್ಮ ಶಿವಮೊಗ್ಗದ ಕಡೆ ಹೋದರಂತೆ, ಚಿಕ್ಕಪ್ಪಂದಿರು ಇನ್ನೊಂದು ಕಡೆ. ಗೌರಿ ಹಬ್ಬಕ್ಕೆ ತವರಿನಿಂದ ಕರೆಯಲು ಬರುವವರಿಗೆ ದಾರಿಯೇ ಇಲ್ಲ. "ಬಾಗಿನ ಬಿಟ್ರೆ ಹೊಳೆಗೇ ಬಿಡಬೇಕು, ತವರಿಗೆ ಮುಟ್ತದೆ" ಎಂದು ಅದನ್ನೂ ನಗುತ್ತಲೇ ಹೇಳಿದರು. ನಮ್ಮ ಗುಂಪಿನಲ್ಲಿ ಯಾರೂ ನಗಲಿಲ್ಲ.

ಅವರ ಗೋಡೆಯ ಮೇಲೆ ಚಿತ್ತಾರವಿತ್ತು. ದೀವರ ಹೆಂಗಸರ ಕೈಕೆಲಸ ಅದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಮದುವೆ ಮನೆಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ, ಸೀಗೆ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುತ್ತಾರೆ. ಆ ಹೊತ್ತಿಗೆ ಪೈರು ಹೊಡೆಯೊಡೆಯುತ್ತಿರುತ್ತದೆ, ಭೂಮಿ ಬಸುರಿ ಎಂಬ ಭಾವನೆ. ಬಸುರಿಗೆ ಬಯಕೆಯೂಟ ಬೇಡವೇ? ಅದನ್ನು ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಒಯ್ಯುತ್ತಾರೆ. ಗದ್ದೆ ಕಳೆದುಕೊಂಡವರು ಈ ಹಬ್ಬವನ್ನು ಬಿಡಲಿಲ್ಲ ಎಂಬುದು ನನಗೆ ಅಣೆಕಟ್ಟಿನ ಉದ್ದಗಲಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ. ನಮ್ಮಲ್ಲೊಬ್ಬರು ಬುಟ್ಟಿಗೆ ಎಷ್ಟು ಎಂದು ಕೇಳಿಯೇಬಿಟ್ಟರು. "ಇದು ಹಬ್ಬದ್ದು, ಕೊಡೋದಲ್ಲ. ಬೇಕಾದ್ರೆ ಮಾರೋದಕ್ಕೆ ಅಂತ್ಲೇ ಬರೆದದ್ದು ಸಾಗರದಲ್ಲಿ ಸಿಗ್ತದೆ" ಎಂದರು. ಬೆಲೆ ಇಲ್ಲದ ವಸ್ತುವೂ ಒಂದು ಮನೆಯಲ್ಲಿ ಇರಬಹುದು ಎಂಬುದನ್ನು ಪೇಟೆಯವರಾದ ನಾವು ಮರೆತಿದ್ದೇವೆ.

ಇನ್ನೊಂದು ಮಾತು. ಸಿಗಂದೂರು ದೇವಿಯ ಕಾವಲಿದೆ ಎಂಬ ಬೋರ್ಡು ನಮ್ಮ ಚಿತ್ರದುರ್ಗದ ಕಡೆಯೂ ತೋಟ, ಸೈಟುಗಳಲ್ಲಿ ಕಾಣುತ್ತದೆ. ಅದನ್ನು ಕಂಡರೆ ಕಳ್ಳನೂ ಕೈ ಹಿಂದೆ ತೆಗೆಯುತ್ತಾನಂತೆ. ಆದರೆ ದೇವಿಯ ಊರಿಗೇ ಹೋದವರು ದಾರಿ ಬದಿಯ ತೋಟಕ್ಕೆ ನುಗ್ಗಿ ಹೂವು ಕಿತ್ತು, ಪ್ಲಾಸ್ಟಿಕ್ ಬಾಟಲಿಯನ್ನು ಹಿನ್ನೀರಿಗೆ ಎಸೆದು ಬರುವುದನ್ನು ನಾನು ನೋಡಿದ್ದೇನೆ.

2023ರಲ್ಲಿ ಮಳೆ ತಡವಾಗಿ ನೀರು ಇಳಿದಾಗ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಯಿತು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಗೆ 2018ರಲ್ಲಿ ಶಂಕುಸ್ಥಾಪನೆಯಾಗಿತ್ತು, 2025ರ ಜುಲೈ 14ರಂದು ಉದ್ಘಾಟನೆಯಾಯಿತು. ತಂತಿಗಳ ಮೇಲೆ ತೂಗಿದಂತೆ ಕಾಣುವ, ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ. ನೀರು ಬಂದ 61 ವರ್ಷಗಳ ಮೇಲೆ ದಾರಿ ಬಂತು. ಲಾಂಚಿನ ಸೊಗಸು ಹೋಯಿತಲ್ಲ ಎಂದು ಮರುಗುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಅವರ ಮನೆಯ ಬಸುರಿ ಹೆಂಗಸು ಎಂದೂ ಆ ದಡದಲ್ಲಿ ಕಾದು ಕೂತಿಲ್ಲ. ಆದರೆ ಸೇತುವೆಯ ಮೇಲೆ ಹೋಗುವವರು ಇನ್ನೂ ಹೆಚ್ಚುತ್ತಾರೆ, ಕೆಳಗೆ ಏನಿದೆಯೆಂದು ಕೇಳುವವರು ಇನ್ನೂ ಕಡಿಮೆಯಾಗುತ್ತಾರೆ ಎಂಬ ಅಳುಕೂ ಇದೆ.

ದೂರದವರ ಮಾತೇಕೆ, ನಮ್ಮ ಮಾರಿಕಣಿವೆಯನ್ನೇ ನೋಡಿ. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಕಾಲದಲ್ಲಿ, 1898ರಲ್ಲಿ, ವೇದಾವತಿಗೆ ಕಟ್ಟೆ ಕಟ್ಟಲು ಶುರುವಾಗಿ 1907ರಲ್ಲಿ ಮುಗಿಯಿತು. ಅದರಿಂದಲೇ ಹಿರಿಯೂರು ಹಸಿರಾಯಿತು, ಚಿತ್ರದುರ್ಗದ ಬಾಯಾರಿಕೆ ತಣಿಯಿತು. 1933ರ ನಂತರ, 89 ವರ್ಷ ಕಳೆದು, 2022ರಲ್ಲಿ ಕೋಡಿ ಬಿದ್ದಾಗ ಮೂರು ತಾಲ್ಲೂಕಿನ ಜನ ನೆರೆದರು, ನಾವೂ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಆ ನೀರಿನ ಅಡಿಯಲ್ಲೂ ಹಳ್ಳಿಗಳಿವೆ. ಮಾರನೆಯ ದಿನ ತರಗತಿಯಲ್ಲಿ, ಮುಳುಗಿದ ಊರುಗಳ ಹೆಸರನ್ನು ಮನೆಯ ಹಿರಿಯರ ಹತ್ತಿರ ಕೇಳಿ ಬರೆದು ತನ್ನಿ ಎಂದೆ. ಒಂದು ವಾರವಾದರೂ ಮೂರೇ ನೋಟುಪುಸ್ತಕ ಬಂದವು. ಅದರಲ್ಲೊಂದರಲ್ಲಿ ಏಳನೆಯ ತರಗತಿಯ ಹುಡುಗಿ ದುಂಡಗೆ ಬರೆದಿದ್ದಳು: 'ಅಜ್ಜಿಯ ಅಜ್ಜಿಯ ತವರೂರು. ಹೆಸರು ಅಜ್ಜಿಗೂ ಗೊತ್ತಿಲ್ಲ. ಅಲ್ಲಿ ಹುಣಸೆ ಮರ ಇತ್ತಂತೆ.'