ಒಂದು ಪದ ಮತ್ತು ಮುದ್ರಣಯಂತ್ರ: ಎರಾಸ್ಮಸ್‌ನ ಹೊಸ ಒಡಂಬಡಿಕೆ

1504ರಲ್ಲಿ ಲೂವೆನ್ ನಗರದ ಬಳಿಯ ಪಾರ್ಕ್ ಮಠದ ಗ್ರಂಥಾಲಯದಲ್ಲಿ ಎರಾಸ್ಮಸ್‌ಗೆ ಒಂದು ಹಸ್ತಪ್ರತಿ ದೊರೆಯಿತು. ಇಟಲಿಯ ಪಂಡಿತ ಲೊರೆಂಜೊ ವಾಲ್ಲಾ, ಹೊಸ ಒಡಂಬಡಿಕೆಯ ಲತೀನ್ ಪಾಠವನ್ನು ಗ್ರೀಕ್ ಮೂಲದೊಡನೆ ಹೋಲಿಸಿ ಬರೆದ ಟಿಪ್ಪಣಿಗಳವು. ವಾಲ್ಲಾ ತೀರಿಕೊಂಡು ಆಗಲೇ 47 ವರ್ಷಗಳಾಗಿದ್ದವು. ಪೋಪರ ಲೌಕಿಕ ಅಧಿಕಾರಕ್ಕೆ ಆಧಾರವೆನಿಸಿದ್ದ 'ಕಾನ್‌ಸ್ಟಂಟೈನನ ದಾನಪತ್ರ'ವು ಕೃತಕವೆಂಬುದನ್ನು 1440ರಲ್ಲಿ ಅದರ ಭಾಷೆಯಿಂದಲೇ ತೋರಿಸಿಕೊಟ್ಟವನು ಆತ. ಅಂಥವನನ್ನು ಐದನೆಯ ನಿಕೋಲಸ್ ಪೋಪರು ತಮ್ಮ ಆಸ್ಥಾನದ ಸೇವೆಗೆ ತೆಗೆದುಕೊಂಡರೆಂಬುದೂ ಧರ್ಮಸಭೆಯ ಚರಿತ್ರೆಯಲ್ಲಿ ನೆನಪಿಡತಕ್ಕ ಸಂಗತಿ.

ಎರಾಸ್ಮಸ್ ಆ ಟಿಪ್ಪಣಿಗಳನ್ನು ಮರುವರ್ಷವೇ ಪ್ಯಾರಿಸ್‌ನಲ್ಲಿ ಅಚ್ಚುಮಾಡಿಸಿದನು. 1455ರ ಸುಮಾರಿಗೆ ಗುಟೆನ್‌ಬರ್ಗ್ ಮೈನ್ಸ್‌ನಲ್ಲಿ ಲೋಹದ ಅಚ್ಚುಮೊಳೆಗಳಿಂದ ಬೈಬಲನ್ನು ಮುದ್ರಿಸಿದ್ದನು. ಲಿಪಿಕಾರನ ಪ್ರತಿಯೊಂದು ನಕಲೂ ತನ್ನದೇ ತಪ್ಪುಗಳನ್ನು ಕೂಡಿಸಿಕೊಳ್ಳುತ್ತಿತ್ತು. ಮುದ್ರಣವಾದರೋ ದೂರದೂರದ ವಿದ್ವಾಂಸರ ಮುಂದೆ ಒಂದೇ ಪಾಠವನ್ನಿರಿಸಿ, ಅದನ್ನು ಕೂಡಿ ಪರಿಶೀಲಿಸುವುದಕ್ಕೂ ತಿದ್ದುವುದಕ್ಕೂ ಅನುವು ಮಾಡಿಕೊಟ್ಟಿತು.

1516ರಲ್ಲಿ ಬಾಸೆಲ್‌ನ ಫ್ರೋಬೆನ್ ಮುದ್ರಣಾಲಯದಿಂದ ಎರಾಸ್ಮಸ್‌ನ ಗ್ರೀಕ್-ಲತೀನ್ ಹೊಸ ಒಡಂಬಡಿಕೆ ಹೊರಬಂದಿತು. ಅದನ್ನು ಹತ್ತನೆಯ ಲಿಯೋ ಪೋಪರಿಗೆ ಅರ್ಪಿಸಲಾಗಿತ್ತು. ಸಂತ ಮತ್ತಾಯನ ಶುಭಸಂದೇಶದಲ್ಲಿ ಬರುವ 'ಮೆತನೊಯಾ'ದ ಕರೆಗೆ ಪ್ರಾಯಶ್ಚಿತ್ತ ಮಾಡಿರಿ ಎಂಬ ಅರ್ಥ ಲತೀನ್ ಪರಂಪರೆಯಲ್ಲಿ ರೂಢಿಯಾಗಿತ್ತು. 1519ರ ಎರಡನೆಯ ಆವೃತ್ತಿಯಲ್ಲಿ ಎರಾಸ್ಮಸ್ ಅದಕ್ಕೆ ಸದ್ಬುದ್ಧಿಗೆ ಮರಳಿರಿ ಎಂಬರ್ಥದ ಪದವನ್ನಿಟ್ಟನು. ಈ ನಡುವೆ, 1517ರಲ್ಲಿ, ಲೂಥರನ ಮೊದಲ ಪ್ರಬಂಧಸೂತ್ರವೂ ಇದೇ ಕರೆಯಿಂದ ಆರಂಭವಾಗಿತ್ತು. ವ್ಯಾಕರಣದ ಪ್ರಶ್ನೆಯು ಸಂಸ್ಕಾರದ ಪ್ರಶ್ನೆಯಾಗಿ ಪರಿಣಮಿಸಿತು.

ಆದರೆ ಎರಾಸ್ಮಸ್‌ನ ಗ್ರಂಥವೂ ನಿರ್ದೋಷವಾಗಿರಲಿಲ್ಲ. ಅವಸರದ ಮುದ್ರಣದಿಂದ ತಪ್ಪುಗಳು ಹೇರಳವಾಗಿ ನುಸುಳಿದ್ದವು. ಪ್ರಕಟನೆ ಗ್ರಂಥದ ಕೊನೆಯ ವಚನಗಳು ತನ್ನ ಗ್ರೀಕ್ ಹಸ್ತಪ್ರತಿಯಲ್ಲಿ ಇಲ್ಲದಿದ್ದುದರಿಂದ, ಅವನು ಲತೀನಿನಿಂದಲೇ ಗ್ರೀಕಿಗೆ ಅನುವಾದಿಸಿ ಸೇರಿಸಿದ್ದನು. ಮೂಲಕ್ಕೆ ಮರಳಿರೆಂದವನಿಗೇ ಮೂಲ ಕೈಗೆ ಸಿಕ್ಕಿರಲಿಲ್ಲ!

1546ರಲ್ಲಿ ಟ್ರೆಂಟ್ ಮಹಾಸಭೆಯು ವುಲ್ಗಾತಾವನ್ನು ಅಧಿಕೃತವೆಂದು ಘೋಷಿಸಿತು. ಆದರೆ ಅದನ್ನು ಸಾಧ್ಯವಾದಷ್ಟು ಶುದ್ಧವಾಗಿ ಮುದ್ರಿಸಬೇಕೆಂದೂ ವಿಧಿಸಿತು. 1559ರ ನಿಷಿದ್ಧ ಗ್ರಂಥಗಳ ಪಟ್ಟಿಯಲ್ಲಿ ಎರಾಸ್ಮಸ್‌ನ ಕೃತಿಗಳೆಲ್ಲವೂ ಸೇರಿದವು. ಹೀಗೆ ಪಾಠಶುದ್ಧಿಯ ಹಂಬಲವನ್ನು ಧರ್ಮಸಭೆ ಉಳಿಸಿಕೊಂಡಿತು, ಅದನ್ನು ಹೊತ್ತಿಸಿದವನನ್ನು ದೂರವಿರಿಸಿತು.

ಗ್ರೀಕ್ ಪಾಠಗಳು ಶುಷ್ಕವೆಂದು ಬೇಸರಿಸುವ ಗುರುವಿದ್ಯಾರ್ಥಿಗಳಿಗೆ ನಾನು ಈ ಚರಿತ್ರೆಯನ್ನು ಹೇಳುವುದುಂಟು. ಪೀಠದಿಂದ ನಾವು 'ಪಶ್ಚಾತ್ತಾಪ' ಎನ್ನುವೆವೋ, 'ಮನಪರಿವರ್ತನೆ' ಎನ್ನುವೆವೋ ಎಂಬುದರ ಮೇಲೆ ಕೇಳುವವನು ತನ್ನ ನಿನ್ನೆಯನ್ನು ಕುರಿತು ಮರುಗುವನೋ, ನಾಳೆಯ ಕಡೆಗೆ ತಿರುಗುವನೋ ಎಂಬುದು ಬಹುಮಟ್ಟಿಗೆ ನಿಂತಿದೆ. ಪದವನ್ನು ತೂಗಿ ನೋಡುವುದೂ ಪಾಲನಾಸೇವೆಯ ಒಂದು ಭಾಗವೇ.