ಹೊರೆ ಹೊತ್ತ ಬೆನ್ನು: ಭದ್ರಾವತಿಯ ಕಾರ್ಖಾನೆ, ಶಿವಮೊಗ್ಗದ ಮಂಡಿ

ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ಸೊಂಟನೋವಿನ ಚರಿತ್ರೆಯು ಹೊರೆ ಹೊರುವ ದುಡಿಮೆಯ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆ. ಸೊಂಟದಿಂದ ಹೊರಟು ತೊಡೆ, ಮೀನಖಂಡಗಳ ಮೂಲಕ ಪಾದದವರೆಗೆ ಇಳಿಯುವ ನೋವನ್ನು ಆಯುರ್ವೇದವು ಗೃಧ್ರಸಿ ಎಂದು ಕರೆದು ವಾತವ್ಯಾಧಿಗಳ ಸಾಲಿಗೆ ಸೇರಿಸಿತ್ತು. ಹಳ್ಳಿಗಳಲ್ಲಿ ಸೊಂಟ ಹಿಡಿದವರು ಉಳುಕು ತೆಗೆಯುವವರ ಬಳಿಗೆ ಹೋಗುತ್ತಿದ್ದರು. ಆದರೆ ನೋವನ್ನು ಮೊದಲೇ ತಡೆಯುವ ಕೆಲಸದಲ್ಲಿ ಇಲ್ಲಿ ವೈದ್ಯರಿಗಿಂತ ಹೆಚ್ಚಿನದನ್ನು ಮಾಡಿದ್ದು ಹಳಿ, ಹಗ್ಗದ ಮೇಲೆ ಚಲಿಸುವ ತೊಟ್ಟಿಲು ಮತ್ತು ಕ್ರೇನುಗಳೇ.

ಹಿಂದೆ ಬೆಂಕಿಪುರವೆಂದು ಕರೆಸಿಕೊಂಡಿದ್ದ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನವು ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯು 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತದ ಹೊಣೆ ಹೊತ್ತರು. ಕಲ್ಲಿದ್ದಲಿನ ಬದಲು ಇದ್ದಿಲಿನಿಂದ ಉರಿಯುತ್ತಿದ್ದ ಈ ಕುಲುಮೆಗೆ ಮಲೆನಾಡಿನ ಕಾಡಿನ ಸೌದೆಯನ್ನು ಕಡಿದು, ಒಟ್ಟಿ, ಸಾಗಿಸಬೇಕಾಗಿದ್ದುದರಿಂದ ಕಬ್ಬಿಣ ಕರಗುವ ಮೊದಲೇ ಸಾವಿರಾರು ಬಾರಿ ಬೆನ್ನು ಬಾಗಬೇಕಿತ್ತು. ಬಾಬಾಬುಡನ್‌ಗಿರಿ ಶ್ರೇಣಿಯ ಕೆಮ್ಮಣ್ಣುಗುಂಡಿಯ ಅದಿರು ಮಾತ್ರ ಎತ್ತರದಲ್ಲಿ ಬಿಗಿದ ಹಗ್ಗದ ಮೇಲೆ ತೊಟ್ಟಿಲುಗಳು ಚಲಿಸುವ ರೋಪ್‌ವೇ ಮೂಲಕ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಹಳಿಗಳ ಮೇಲೆ ಕಾರ್ಖಾನೆ ಸೇರುತ್ತಿತ್ತು. ಅದಿರನ್ನು ಅಗ್ಗವಾಗಿ, ಬೇಗ ಸಾಗಿಸುವುದೇ ಈ ಏರ್ಪಾಡಿನ ಉದ್ದೇಶವಾಗಿದ್ದರೂ, ಅದು ಎಷ್ಟೋ ಬೆನ್ನುಗಳನ್ನು ಉಳಿಸಿತೆಂಬುದನ್ನು ಕೈಗಾರಿಕೆಯ ಚರಿತ್ರೆ ಬರೆಯುವವರು ಗಮನಿಸಬೇಕಾಗಿದೆ.

ಬ್ರಿಟಿಷ್ ಇಂಡಿಯಾದಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂದದ್ದೂ 1923ರಲ್ಲೇ. ಅಪಘಾತದ ಗಾಯಗಳಿಗೂ, ಸೀಸದ ವಿಷದಂಥ ಕೆಲವು ಔದ್ಯೋಗಿಕ ರೋಗಗಳಿಗೂ ಅದು ಪರಿಹಾರ ಗೊತ್ತುಮಾಡಿತೇ ಹೊರತು, ವರ್ಷಗಟ್ಟಲೆ ಹೊತ್ತು ಸವೆದ ಸೊಂಟಕ್ಕೆ ಆ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ಸ್ವಾತಂತ್ರ್ಯಾನಂತರದ 1948ರ ಕಾರ್ಖಾನೆಗಳ ಕಾಯ್ದೆಯ 34ನೆಯ ಕಲಮು, ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಕೂಡದೆಂದು ವಿಧಿಸಿತು. ಆದರೆ ಅದರ ವ್ಯಾಪ್ತಿ ಕಾರ್ಖಾನೆಯ ಕಾಂಪೌಂಡಿನೊಳಗೆ ಮುಗಿಯುತ್ತಿತ್ತು.

ಹಾಗಾಗಿ ಕೆಲವೇ ಮೈಲಿ ದೂರದ ಶಿವಮೊಗ್ಗದ ಮಂಡಿಯ ಕಥೆ ಬೇರೆಯಾಯಿತು. 1939ರಲ್ಲಿ ಹುಟ್ಟಿದ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಅಂದರೆ ಮ್ಯಾಮ್ಕೋಸ್, ಬೆಳೆಗಾರನಿಗೆ ಮಾರುಕಟ್ಟೆಯಲ್ಲಿ ಬಲ ತಂದುಕೊಟ್ಟಿತು. ಮೂಟೆ ಮಾತ್ರ ಹಮಾಲರ ಬೆನ್ನ ಮೇಲೆಯೇ ಉಳಿಯಿತು. ಇಬ್ಬರು ಮೂಟೆಯ ಎರಡು ತುದಿ ಹಿಡಿದೆತ್ತಿ, ಮೊಣಕಾಲು ಬಗ್ಗಿಸಿ ನಿಂತ ಮೂರನೆಯವನ ಹೆಗಲ ಹಿಂಭಾಗಕ್ಕೆ ಏರಿಸುತ್ತಾರೆ. ಅವನು ಮೂಟೆಯ ಕಿವಿಯನ್ನು ಬಿಗಿಹಿಡಿದು, ಮುಂದಕ್ಕೆ ಬಾಗಿ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಲಾರಿಯ ಹಲಗೆ ಹತ್ತುತ್ತಾನೆ. ಹೊರೆಯನ್ನು ಮೈಗೆ ಹತ್ತಿರ ಹಿಡಿಯುವ, ಕಾಲಿನ ಬಲದಿಂದ ಏಳುವ ಈ ಪಟ್ಟುಗಳು ತಲೆಮಾರುಗಳ ಅನುಭವದಿಂದ ಬಂದ ನಿಜವಾದ ಜ್ಞಾನ. ಆದರೂ ಕ್ವಿಂಟಾಲ್ ತೂಕದ ಚೀಲಕ್ಕೆ ಯಾವ ಪಟ್ಟೂ ಸಾಲದು. ವಯಸ್ಕ ಪುರುಷನು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಶಿಫಾರಸು ಮಾಡಿತು. ಕ್ವಿಂಟಾಲ್ ಚೀಲವೆಂದರೆ ಅದರ ಹೆಚ್ಚುಕಡಿಮೆ ಇಮ್ಮಡಿ.

ಚಿಕಿತ್ಸೆಯ ತಿಳಿವೂ ಈ ಅವಧಿಯಲ್ಲಿ ಬದಲಾಯಿತು. ಕಶೇರುಗಳ ನಡುವಿನ ಮೆತ್ತನೆಯ ಬಿಲ್ಲೆ, ಅಂದರೆ ಡಿಸ್ಕ್, ಹೊರಚಾಚಿ ನರವನ್ನು ಒತ್ತುವುದರಿಂದ ಕಾಲಿಗಿಳಿಯುವ ನೋವು ಬರುತ್ತದೆಂಬುದನ್ನು 1934ರಲ್ಲಿ ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಸ್ಪಷ್ಟಪಡಿಸಿದರು. ಆದರೆ ಬಹುಪಾಲು ಸೊಂಟನೋವಿಗೆ ಇಂಥ ಒಂದೇ ನಿರ್ದಿಷ್ಟ ಕಾರಣ ಸಿಗುವುದಿಲ್ಲ. ವಾರಗಟ್ಟಲೆ ಮಲಗಿರುವುದಕ್ಕಿಂತ ಸಾಧ್ಯವಾದಷ್ಟು ಓಡಾಡಿಕೊಂಡಿರುವುದೇ ಗುಣಕ್ಕೆ ಹಾದಿ ಎಂಬುದು ಇಂದಿನ ವೈದ್ಯಕೀಯದ ನಿಲುವು. ಕಾರ್ಖಾನೆಯ ನೌಕರನಿಗೆ ಹಗುರ ಕೆಲಸಕ್ಕೆ ಬದಲಾಗುವ ಅವಕಾಶವಾದರೂ ಇರಬಲ್ಲದು. ಹೊತ್ತ ಮೂಟೆಗೆ ಕೂಲಿ ಪಡೆಯುವ ಹಮಾಲನಿಗೆ ಹಗುರ ಕೆಲಸವೆಂಬುದೇ ಇಲ್ಲ. ಆದ್ದರಿಂದ ಹಮಾಲರ ಸೊಂಟಕ್ಕೆ ವ್ಯಾಯಾಮ ಕಲಿಸುವ ಮೊದಲು ಅವರ ಬೆನ್ನಿಗೇರುವ ಮೂಟೆಯ ತೂಕವನ್ನು ಇಳಿಸಬೇಕು; ಆ ಹೊಣೆ ವರ್ತಕರದು, ಮಾರುಕಟ್ಟೆ ಸಮಿತಿಗಳದು ಮತ್ತು ಸರ್ಕಾರದ್ದು.