ನಾದದ ಮೊರ

ಹೆಗ್ಗೋಡಿನ ಕಡೆಯ ಕಣಗಳಲ್ಲಿ ಭತ್ತ ತೂರುವುದನ್ನು ತಾವು ಕಂಡಿರಬಹುದು. ಗಾಳಿ ಜೊಳ್ಳನ್ನು ದೂರ ಒಯ್ಯುತ್ತದೆ. ಗಟ್ಟಿ ಕಾಳು ಕಾಲಬುಡದಲ್ಲೇ ಬೀಳುತ್ತದೆ. ಗಾಳಿ ಮಾಡುವ ಈ ಕೆಲಸವನ್ನು ಶಬ್ದವೂ ಮಾಡಬಲ್ಲುದೆಂದರೆ ನಂಬುವಿರಾ?

1787ರಲ್ಲಿ ಜರ್ಮನಿಯ ಕ್ಲಾಡ್ನಿ ಎಂಬ ವಿಜ್ಞಾನಿ ಒಂದು ಸೋಜಿಗವನ್ನು ಪ್ರಕಟಿಸಿದ. ತಗಡಿನ ಮೇಲೆ ಮರಳು ಚೆಲ್ಲಿ, ಅಂಚನ್ನು ಪಿಟೀಲಿನ ಕಮಾನಿನಿಂದ ಉಜ್ಜಿದರೆ ಮರಳು ಕುಣಿಯುತ್ತ ಹೋಗಿ, ತಗಡು ಅಲುಗದ ಗೆರೆಗಳಲ್ಲಿ ನೆಲೆಸುತ್ತಿತ್ತು. ನಮ್ಮ ಯಕ್ಷಗಾನದ ಮದ್ದಲೆಗೆ ಹತ್ತಿರದ ಬಂಧುವಾದ ಮೃದಂಗದ ಮೇಲೂ ಸರ್ ಸಿ. ವಿ. ರಾಮನ್ ನುಣ್ಣನೆಯ ಮರಳು ಉದುರಿಸಿ ಇಂಥವೇ ಚಿತ್ರಗಳನ್ನು ಪಡೆದರು. ಕರಣೆ ಹಚ್ಚಿದ ಚರ್ಮ ಇಂಪಾದ ಸ್ವರ ಕೊಡುವುದೇಕೆಂದು ಅದರಿಂದ ವಿವರಿಸಿದರು.

ಅದೇ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, 1935–36ರಲ್ಲಿ, ನಾಗೇಂದ್ರನಾಥರೊಡನೆ ಇನ್ನೊಂದು ಮಾತನ್ನು ಗಣಿತದಿಂದ ತೋರಿಸಿದರು. ಕಿವಿಗೆ ಕೇಳದಷ್ಟು ಏರಿದ ಶಬ್ದವು ದ್ರವದಲ್ಲಿ ಹಾಯುವಾಗ ದಟ್ಟ-ವಿರಳ ಪದರಗಳನ್ನು ಹೂಡುತ್ತದೆ. ಬೆಳಕು ಅವುಗಳಲ್ಲಿ ಹಾದು ಹಲವು ಕಿರಣಗಳಾಗಿ ಒಡೆಯುತ್ತದೆ. ನೀರಿನೊಳಗೆ ಶಬ್ದ ಕಟ್ಟುವ ಕಾಣದ ಪದರಗಳಿಗೆ ಹೀಗೆ ಬೆಳಕೇ ಸಾಕ್ಷಿಯಾಯಿತು.

ಆ ಪದರಗಳು ಕಣಗಳನ್ನು ತಳ್ಳಲೂ ಬಲ್ಲವೆ? ಗಟ್ಟಿ ಗೋಲಗಳ ಮೇಲಿನ ಒತ್ತಡವನ್ನು 1934ರಲ್ಲಿ ಲೂಯಿ ಕಿಂಗ್ ಲೆಕ್ಕ ಹಾಕಿದ್ದರು. 1955ರಲ್ಲಿ ಜಪಾನಿನ ಯೋಸಿಯೋಕ ಮತ್ತು ಕವಸಿಮ ಮೆತ್ತನೆಯ ಗೋಲಗಳಿಗೂ ಆ ಲೆಕ್ಕವನ್ನು ವಿಸ್ತರಿಸಿದರು. ದ್ರವಕ್ಕಿಂತ ಭಾರವೂ ಗಟ್ಟಿಯೂ ಆದ ಕಣ ಒತ್ತಡ ಏರಿಳಿಯದ ಗೆರೆಗೆ ಸರಿಯುತ್ತದೆ. ಹಗುರವೂ ಮೆತ್ತನೆಯದೂ ಆದುದು ಅದಕ್ಕೆ ವಿರುದ್ಧ ಕಡೆಗೆ.

ಇದರಿಂದ ಪ್ರಯೋಜನವೇನೆಂದು ತಾವು ಕೇಳಬಹುದು. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಎದೆಯೊಳಗೆ ಸುರಿದ ನೆತ್ತರನ್ನು ಹೀರಿ ರೋಗಿಗೇ ಮರಳಿ ಕೊಡುವುದುಂಟು. ಅದರಲ್ಲಿ ಕೊಬ್ಬಿನ ಹನಿಗಳು ಬೆರೆತಿದ್ದರೆ ಮಿದುಳಿನ ಕಿರುನಾಳಗಳಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. 2004ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಮಿಲಿಮೀಟರಿನ ಮೂರನೆಯ ಒಂದಂಶದಷ್ಟು ಅಗಲದ ಕಾಲುವೆಯಲ್ಲಿ ಇಂಥ ನೆತ್ತರನ್ನು ಹರಿಸಿ, ಸೆಕೆಂಡಿಗೆ ಸುಮಾರು 20 ಲಕ್ಷ ಸಲ ಕಂಪಿಸುವ ಶಬ್ದವನ್ನು ಹಾಯಿಸಿದರು. ಕೆಂಪು ರಕ್ತಕಣಗಳು ನಡುವೆ ಸಾಲುಗಟ್ಟಿದವು. ಕೊಬ್ಬು ಅಂಚಿಗೆ ಸರಿಯಿತು. ಕಾಲುವೆಯ ತುದಿ ಮೂರಾಗಿ ಕವಲೊಡೆದಲ್ಲಿ ಎರಡೂ ಬೇರೆಯಾದವು.

ಈ ಮೊರಕ್ಕೂ ಮಿತಿಯುಂಟು. ಕಣದ ಅಡ್ಡಳತೆ ಅರ್ಧವಾದರೆ ತಳ್ಳುವ ಬಲ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ತೀರ ಸಣ್ಣ ಕಣಗಳನ್ನು ಹೀಗೆ ಆರಿಸುವುದು ಕಷ್ಟ.

ಇನ್ನೊಮ್ಮೆ ಮದ್ದಲೆಯ ಸದ್ದು ಕೇಳಿದಾಗ ನೆನೆಯಿರಿ: ಚರ್ಮದ ಮೇಲೆ ಮರಳನ್ನು ಸಾಲುಗೊಳಿಸಿದ ಶಬ್ದವೇ, ಬೇರೊಂದು ಬಗೆಯಲ್ಲಿ, ನೆತ್ತರೊಳಗಿನ ಜೊಳ್ಳನ್ನೂ ತೂರಬಲ್ಲುದು.